ಪ್ರಾಣಿ ಆಶ್ರಯಧಾಮಕ್ಕೆ ನೆರವು: ವರ್ತಕರು ಗಮನಿಸಬೇಕಾದ ಅಂಶಗಳು

ಉಗ್ರಾಣ ಹಾಗೂ ಕಾರ್ಖಾನೆಗಳ ಕಾವಲಿಗೆಂದು ಸಾಕಿದ ನಾಯಿಗಳು, ಇಲಿಗಳ ಕಾಟ ತಪ್ಪಿಸಲು ಮಂಡಿಗಳಲ್ಲಿ ಇರಿಸಿಕೊಂಡ ಬೆಕ್ಕುಗಳು ವ್ಯಾಪಾರಸ್ಥರಿಗೆ ಹೊಸತಲ್ಲ. ಘಟಕವು ಸ್ಥಳಾಂತರಗೊಂಡಾಗ ಯಂತ್ರೋಪಕರಣಗಳ ಪಟ್ಟಿ ಸಿದ್ಧವಾಗುತ್ತದೆ. ಈ ಪ್ರಾಣಿಗಳು ಮಾತ್ರ ಯಾವ ಪಟ್ಟಿಗೂ ಸೇರದೆ ಬೀದಿಪಾಲಾಗುತ್ತವೆ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಅಪರಾಧವೆಂಬುದು ಅನೇಕರಿಗೆ ತಿಳಿದಿಲ್ಲ.

ಇಂತಹ ಪ್ರಾಣಿಗಳಿಗೆ ಆಸರೆಯಾಗಿರುವುದು ಸ್ಥಳೀಯ ಆಶ್ರಯಧಾಮಗಳು. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾದಂತಹ ಸಂಸ್ಥೆಗಳು ಸಾರ್ವಜನಿಕರ ದೇಣಿಗೆಯನ್ನು ಬಹುವಾಗಿ ಅವಲಂಬಿಸಿವೆ. ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸುವಂತೆ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆದೇಶಿಸಿದ ಬಳಿಕ ಆಶ್ರಯತಾಣಗಳ ಅಗತ್ಯ ಇನ್ನಷ್ಟು ಎದ್ದುಕಂಡಿದೆ.

ನಿಯತ ದೇಣಿಗೆಯ ಮಹತ್ವ

ಆಶ್ರಯಧಾಮದ ಖರ್ಚು ಪ್ರತಿದಿನದ್ದು. ಆಹಾರ, ಲಸಿಕೆ, ಪಶುವೈದ್ಯರ ಶುಲ್ಕ, ಸಿಬ್ಬಂದಿಯ ವೇತನ ಯಾವುದನ್ನೂ ಮುಂದೂಡಲಾಗದು. ಆದಾಯವಾದರೋ ಹಬ್ಬಹರಿದಿನ, ಹುಟ್ಟುಹಬ್ಬಗಳನ್ನು ನೆಚ್ಚಿದ್ದು. ದುಡಿಯುವ ಬಂಡವಾಳದ ಕೊರತೆಯನ್ನು ಬಲ್ಲ ವರ್ತಕರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ, ತಿಂಗಳಿಗೆ ತಪ್ಪದೆ ಸಂದಾಯವಾಗುವ 2,000 ರೂಪಾಯಿ ಅವರಿಗೆ ಹೆಚ್ಚು ಭರವಸೆ ನೀಡುತ್ತದೆ.

ತೆರಿಗೆ ರಿಯಾಯಿತಿ

1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮಿನಡಿ ಮಾನ್ಯತೆ ಪಡೆದ ಇಂತಹ ಸಂಸ್ಥೆಗೆ ನೀಡಿದ ದೇಣಿಗೆಯ ಶೇ. 50ರಷ್ಟನ್ನು, ಒಟ್ಟು ಆದಾಯದ ಶೇ. 10ರ ಮಿತಿಗೊಳಪಟ್ಟು, ಆದಾಯದಿಂದ ಕಳೆಯಬಹುದು. 2025ರ ಹೊಸ ಕಾಯಿದೆಯಲ್ಲಿ ಕಲಮಿನ ಸಂಖ್ಯೆ ಬೇರೆಯಾದರೂ ರಿಯಾಯಿತಿ ಮುಂದುವರಿದಿದೆ. ಆದರೆ ನಾಲ್ಕು ಸಂಗತಿಗಳನ್ನು ಮರೆಯಬಾರದು.

1. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ರಿಯಾಯಿತಿ ಇಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಸೂಕ್ತ.

2. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ ಇದು ದೊರೆಯದು. ಪಾಲುದಾರಿಕೆ ಸಂಸ್ಥೆಗಳಿಗೆ ದೊರೆಯುತ್ತದೆ.

3. 2021-22ನೇ ಹಣಕಾಸು ವರ್ಷದಿಂದೀಚೆಗೆ ರಸೀದಿಯೊಂದೇ ಸಾಲದು. ಸಂಸ್ಥೆಯು ಇಲಾಖೆಗೆ ವಿವರ ಸಲ್ಲಿಸಿ ನೀಡುವ ಪ್ರಮಾಣಪತ್ರವನ್ನೂ ಪಡೆಯಬೇಕು.

4. ದೇಣಿಗೆಯನ್ನು ವ್ಯಾಪಾರದ ಖರ್ಚೆಂದು ಲಾಭ-ನಷ್ಟದ ಖಾತೆಗೆ ಹಾಕಿದ್ದರೆ, ಆದಾಯದ ಗಣನೆಯಲ್ಲಿ ಅದನ್ನು ಮರಳಿ ಕೂಡಿಸಿದ ನಂತರವೇ ರಿಯಾಯಿತಿ ಕೋರಬೇಕು.

ಉದಾಹರಣೆಗೆ, 6 ಲಕ್ಷ ರೂಪಾಯಿ ಆದಾಯದ ಪಾಲುದಾರಿಕೆ ಸಂಸ್ಥೆಯೊಂದು ವರ್ಷಕ್ಕೆ 24,000 ರೂಪಾಯಿ ಕೊಟ್ಟರೆ 12,000 ರೂಪಾಯಿಗೆ ರಿಯಾಯಿತಿ ಸಿಗುತ್ತದೆ. ಶೇ. 30ರ ತೆರಿಗೆ ಮತ್ತು ಶೇ. 4ರ ಸೆಸ್ ಸೇರಿ ಉಳಿತಾಯ 3,744 ರೂಪಾಯಿ. ಈ ಲಾಭ ಅಲ್ಪವೇ ಸರಿ. ಆದ್ದರಿಂದ ತೆರಿಗೆಗಾಗಿ ದಾನವೆಂಬ ಭಾವನೆ ತರವಲ್ಲ.

ವಸ್ತು ರೂಪದ ನೆರವು

ಅಕ್ಕಿ, ಗೋಣಿಚೀಲ, ಕಂಬಳಿ, ಶುಚಿಕಾರಕ ದ್ರವ, ಹಳೆಯ ಪತ್ರಿಕೆಗಳು ಆಶ್ರಯಧಾಮಕ್ಕೆ ನಿತ್ಯ ಬೇಕಾದವು. ವಸ್ತುದಾನಕ್ಕೆ 80ಜಿ ರಿಯಾಯಿತಿ ಇಲ್ಲ. ಅಂಗಡಿಯ ದಾಸ್ತಾನಿನಿಂದ ಉಚಿತವಾಗಿ ಕೊಟ್ಟರೆ ಜಿಎಸ್‌ಟಿ ಕಾಯಿದೆಯ 17(5)(ಎಚ್) ಕಲಮಿನಂತೆ ಆ ಸರಕಿನ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಸರಕನ್ನು ನಾಶಪಡಿಸಿದರೂ ಇದೇ ನಿಯಮವಾದ್ದರಿಂದ, ಬಳಕೆಗೆ ಯೋಗ್ಯವಾದ ದಾಸ್ತಾನನ್ನು ಎಸೆಯುವುದಕ್ಕಿಂತ ಕೊಡುವುದೇ ಲೇಸು. ಅವಧಿ ಮೀರಿದ ತಿನಿಸುಗಳನ್ನು ಕಳುಹಿಸಬಾರದು. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ನಾಯಿಗಳಿಗೆ ವಿಷಕಾರಿ.

ಹಣವಿಲ್ಲದೆಯೂ ನೆರವಾಗಬಹುದು. ವೆಲ್ಡಿಂಗ್ ಘಟಕದವರು ಪಂಜರಗಳನ್ನು ದುರಸ್ತಿ ಮಾಡಿಕೊಡಬಹುದು. ಟೆಂಪೊ ಇರುವವರು ಗಾಯಗೊಂಡ ಪ್ರಾಣಿಗಳ ಸಾಗಾಟಕ್ಕೆ ವಾರಕ್ಕೊಂದು ದಿನ ಒದಗಿಸಬಹುದು. ಕಾವಲಿಗೆ ನಾಯಿ ಬೇಕಾದವರು ಮರಿಯನ್ನು ಕೊಳ್ಳುವ ಬದಲು ಆಶ್ರಯಧಾಮದಿಂದ ದತ್ತು ಪಡೆದು, ಲಸಿಕೆ ಹಾಗೂ ಸಂತಾನಹರಣ ಚಿಕಿತ್ಸೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಬಹುದು.

ಜೀವಿಗಳ ಬಗ್ಗೆ ಅನುಕಂಪ ತೋರುವುದು ಸಂವಿಧಾನದ 51ಎ(ಜಿ) ವಿಧಿಯಂತೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ವರ್ತಕ ಬಾಂಧವರು ತಮ್ಮ ಊರಿನ ಆಶ್ರಯಧಾಮಕ್ಕೆ ಒಮ್ಮೆ ಭೇಟಿಯಿತ್ತು, ನೋಂದಣಿ ಮತ್ತು ಲೆಕ್ಕಪತ್ರಗಳನ್ನು ಪರಿಶೀಲಿಸಿ, ತಮ್ಮ ಶಕ್ತ್ಯಾನುಸಾರ ಮಾಸಿಕ ನೆರವನ್ನು ಗೊತ್ತುಪಡಿಸುವುದು ಉಚಿತ.