ಹಗ್ಗ ಯಾರ ಕೈಯಲ್ಲಿ?

ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬರುವ ಚಕ್ಕಡಿಯನ್ನು ನೋಡಿರಿ: ಜನಸಂದಣಿಗೆ ಬೆದರಿದ ಎತ್ತನ್ನು ದಾರಿಗೆ ತರುವುದು ಬಾರುಕೋಲಿನ ಏಟಲ್ಲ, ಬಿಗಿಯೂ ಸಡಿಲವೂ ಅಲ್ಲದ ಹಗ್ಗದ ಹಿಡಿತ. ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಕಡಿವಾಣಕ್ಕೂ ಹೋಲಿಸಿದ ಕಠೋಪನಿಷತ್ತಿನ ಋಷಿಗೆ ಈ ಮರ್ಮವು ತಿಳಿದಿತ್ತು.

ಇಂಥ ಹಿಡಿತಕ್ಕೆ ನಿದರ್ಶನವೊಂದು ಚಿಂಚಲಿಯಿರುವ ಜಿಲ್ಲೆಯಲ್ಲೇ ಇದೆ: ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ, ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದ ಗಾಂಧೀಜಿಯವರು, ನಿತ್ಯವೂ ನೂಲುವುದನ್ನೂ ಸೋಮವಾರದ ಮೌನವನ್ನೂ ತಾವು ಮೊದಲು ವ್ರತವಾಗಿ ಕೈಕೊಂಡಿದ್ದುದರಿಂದಲೇ, ಸದಸ್ಯನಾದವನು ತಿಂಗಳಿಗೆ 2,000 ಗಜ ನೂಲನ್ನು ಸಲ್ಲಿಸಬೇಕೆಂದು ಕೇಳುವ ನೈತಿಕಾಧಿಕಾರವನ್ನು ಪಡೆದಿದ್ದರು.

ಮನೆಯನ್ನಾಗಲಿ ನಾಡನ್ನಾಗಲಿ ನಡೆಸಹೊರಟವನು ಮೊದಲು ತನ್ನ ಕೈಯನ್ನೂ ನಾಲಗೆಯನ್ನೂ ನಡೆಸಬಲ್ಲವನಾಗಿರಬೇಕು. ನಾಳೆ ಮುಂಜಾನೆ, ಕಣ್ಣು ಬಿಟ್ಟೊಡನೆ ಕೈ ಮೊಬೈಲಿನತ್ತ ಚಾಚಿದಾಗ, ಒಂದು ಕ್ಷಣ ತಡೆದು ಕೇಳಿಕೊಳ್ಳಿರಿ: ಹಗ್ಗ ಯಾರ ಕೈಯಲ್ಲಿದೆ?