ಸ್ವತಂತ್ರ ಪಕ್ಷ ಹೋಯ್ತು, ಅದು ಕೇಳಿದ ಪ್ರಶ್ನೆ?

ನಾನಿರೋ ಕೋಲ್ಕತ್ತಾದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸಿಂಗೂರು ಇದೆ. 2006ರಲ್ಲಿ ಎಡರಂಗ ಸರ್ಕಾರ ಟಾಟಾ ನ್ಯಾನೋ ಕಾರ್ಖಾನೆಗೆ ಅಂತ ಅಲ್ಲಿ ಸುಮಾರು 1,000 ಎಕರೆ ಜಮೀನು ಸ್ವಾಧೀನ ಮಾಡ್ಕೊಂಡಿತು. ಒಪ್ಪದ ರೈತರು ಬೀದಿಗಿಳಿದರು. 2008ರಲ್ಲಿ ಟಾಟಾ ಹೊರಟುಹೋಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನೇ ರದ್ದು ಮಾಡಿ, ಜಮೀನು ವಾಪಸ್ ಕೊಡಿ ಅಂತು.

"ನಾನು ಒಪ್ಪದೆ ನನ್ನದನ್ನ ಸರ್ಕಾರ ಮುಟ್ಟಬಾರದು." ಲಿಬರ್ಟೇರಿಯನ್ ವಿಚಾರದ ಮೊದಲ ಪಾಠ ಇದೇ. ವ್ಯಕ್ತಿಯ ಸ್ವಾತಂತ್ರ್ಯ ಮೊದಲು, ಸರ್ಕಾರ ಆದಷ್ಟು ಚಿಕ್ಕದು. ಆದರೆ ಸಿಂಗೂರಿನ ಹೋರಾಟದಿಂದ ರಾಜಕೀಯವಾಗಿ ಬೆಳೆದದ್ದು ತೃಣಮೂಲ ಕಾಂಗ್ರೆಸ್. ಅದರ ಘೋಷಣೆ: ತಾಯಿ, ಮಣ್ಣು, ಮನುಷ್ಯ.

ಈ ವಿಚಾರಕ್ಕೆ ಹತ್ತಿರದ ಪಕ್ಷವೊಂದು ನಮ್ಮಲ್ಲಿ ಇತ್ತು. 1959ರ ಜನವರಿಯಲ್ಲಿ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಜಂಟಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಅದನ್ನ ವಿರೋಧಿಸಿ ಅದೇ ವರ್ಷ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, 1947ರಲ್ಲಿ ಪಶ್ಚಿಮ ಬಂಗಾಳದ ಮೊದಲ ರಾಜ್ಯಪಾಲರಾಗಿ ಇದೇ ಊರಲ್ಲಿದ್ದವರು. "ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್" ಅನ್ನೋ ಮಾತು ಅವರದ್ದೇ. ಪಕ್ಷ ಲೋಕಸಭೆಯಲ್ಲಿ 1962ರಲ್ಲಿ 18, 1967ರಲ್ಲಿ 44 ಸೀಟು ಗೆದ್ದಿತು. 1971ರಲ್ಲಿ ಬರೀ 8. 1974ರಲ್ಲಿ ಭಾರತೀಯ ಲೋಕದಳದಲ್ಲಿ ವಿಲೀನವಾಯಿತು.

ಯಾಕೆ ಹೀಗಾಯ್ತು? ಮೊದಲನೆಯದು, ಪಕ್ಷದಲ್ಲಿ ಮಾಜಿ ರಾಜರು, ಜಮೀನ್ದಾರರು, ಉದ್ಯಮಿಗಳೇ ಎದ್ದು ಕಾಣ್ತಿದ್ದರು. ತುಂಡು ಭೂಮಿಯೂ ಇಲ್ಲದವನಿಗೆ ಆಸ್ತಿ ಹಕ್ಕಿನ ಭಾಷಣ ಯಾಕೆ? ಇಂದಿರಾ ಗಾಂಧಿಯವರ "ಗರೀಬಿ ಹಟಾವೋ"ಗೆ ಸರಿಸಾಟಿ ಉತ್ತರ ಇವರ ಹತ್ರ ಇರಲಿಲ್ಲ. ಎರಡನೆಯದು, 1991ರಲ್ಲಿ ವಿದೇಶಿ ವಿನಿಮಯ ಬರಿದಾಗ್ತಾ ಬಂದಾಗ ಲೈಸೆನ್ಸ್ ರಾಜ್ ಕಳಚಿದ್ದು ಕಾಂಗ್ರೆಸ್ ಸರ್ಕಾರವೇ. ಬೇಡಿಕೆ ಬೇರೆಯವರ ಕೈಯಲ್ಲಿ ಈಡೇರಿತು. ಮೂರನೆಯದು, 2021ರಲ್ಲಿ ಇಲ್ಲಿ ಲಕ್ಷ್ಮೀರ್ ಭಂಡಾರ್ ಬಂತು, 2023ರಲ್ಲಿ ಕರ್ನಾಟಕದಲ್ಲಿ ಗೃಹಲಕ್ಷ್ಮಿ. ಈಗ ಚುನಾವಣೆಯ ಪ್ರಶ್ನೆ "ಸರ್ಕಾರ ಏನು ಕೊಡುತ್ತೆ" ಅನ್ನೋದು. ಅದನ್ನ ನಾನು ಹಳಿಯಲ್ಲ. ಕೈಯಲ್ಲಿ 2,000 ರೂಪಾಯಿ ಇರೋದೂ ಒಬ್ಬ ಹೆಣ್ಣುಮಗಳಿಗೆ ಸ್ವಾತಂತ್ರ್ಯವೇ.

ಆದರೆ "ಸರ್ಕಾರ ಎಲ್ಲಿ ನಿಲ್ಲಬೇಕು" ಅಂತ ಕೇಳೋರು ಸದನದಲ್ಲಿ ಕಮ್ಮಿಯಾದರು. 1978ರ 44ನೇ ತಿದ್ದುಪಡಿ ಆಸ್ತಿ ಹಕ್ಕನ್ನ ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪಿಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದವರು.

ಕೋರ್ಟು ಬರೋದು ತಡವಾಗಿ. ಸಿಂಗೂರಿನ ತೀರ್ಪು ಬರೋವಾಗ ಹೊಲದ ಮೇಲೆ ಕಾಂಕ್ರೀಟ್ ಬಿದ್ದಾಗಿತ್ತು. ಡೇಟಾನೂ ಹಾಗೇ. ಸಾಫ್ಟ್‌ವೇರ್ ಕೆಲಸದವನಾಗಿ ಹೇಳ್ತೀನಿ, ಡೇಟಾಬೇಸ್‌ಗೆ ಒಂದು ಕಾಲಂ ಸೇರಿಸೋದು ಸುಲಭ, ಎಲ್ಲಾ ಕಡೆ ಹರಡಿದ ಮೇಲೆ ತೆಗೆಯೋದು ಬಹಳ ಕಷ್ಟ.

ಸ್ವತಂತ್ರ ಪಕ್ಷ ವಾಪಸ್ ಬರಬೇಕು ಅಂತ ನಾನು ಹೇಳ್ತಿಲ್ಲ. ಯಾರೇ ವೋಟು ಕೇಳೋಕೆ ಬರಲಿ, "ಏನು ಕೊಡ್ತೀರಿ" ಅಂತ ಕೇಳಿ. ಜೊತೆಗೆ "ನಮ್ಮನ್ನ ಕೇಳದೆ ಏನನ್ನ ಮುಟ್ಟಲ್ಲ" ಅಂತಲೂ ಕೇಳಿ. ಮುಂದಿನ ವಿಡಿಯೋದಲ್ಲಿ ಸಿಗೋಣ.