ಕಡಲೆಕಾಯಿ ಬೆಣ್ಣೆ ಮತ್ತು ಒಂದು ಕಹಿ ಬೀಜ

ಕಡಲೆಕಾಯಿ ತಿನ್ನುತ್ತ ಕುಳಿತಾಗ ನಡುವೆ ಒಂದು ಕಹಿ ಬೀಜ ಸಿಕ್ಕಿ ಬಾಯೆಲ್ಲ ಕೆಟ್ಟುಹೋದ ಅನುಭವ ನಿಮಗೂ ಆಗಿರಬೇಕು. ತಕ್ಷಣ ಉಗುಳಿಬಿಡುತ್ತೀರಿ. ಅದೇ ಬೀಜ ನೂರಾರು ಒಳ್ಳೆಯ ಬೀಜಗಳ ಜೊತೆ ಮಿಕ್ಸಿಯಲ್ಲಿ ನುಣ್ಣಗಾಗಿಹೋದರೆ? ನಾಲಿಗೆಗೆ ಗೊತ್ತೇ ಆಗದೆ ಹೊಟ್ಟೆ ಸೇರುತ್ತದೆ. ಮಕ್ಕಳ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ, ಅಂದರೆ ಪೀನಟ್ ಬಟರ್, ಹಚ್ಚಿಕೊಡುವ ಮನೆಗಳಲ್ಲಿ ಈ ಮಾತು ನೆನಪಿರಬೇಕು.

ಹೆಸರಿನಲ್ಲಿ ಬೆಣ್ಣೆ ಇದ್ದರೂ ಇದರಲ್ಲಿ ಹಾಲಿನ ಅಂಶವಿಲ್ಲ. ಹುರಿದ ಬೀಜವನ್ನು ಅದರದೇ ಎಣ್ಣೆ ಬಿಡುವವರೆಗೆ ಅರೆದರೆ ಆಯಿತು. 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ನಾರು, ನಯಾಸಿನ್, 'ಇ' ಜೀವಸತ್ವಗಳೂ ಇವೆ, ಕೊಲೆಸ್ಟರಾಲ್ ಇಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಪೌಷ್ಟಿಕತೆಯ ಕೊರತೆ ನೀಗಲು ಹಿಂದೆ ರೂಪಿಸಿದ 'ಬಹೂಪಯೋಗಿ ಆಹಾರ'ದ ನಾಲ್ಕು ಪಾಲಿನಲ್ಲಿ ಮೂರು ಪಾಲು ಕಡಲೆಕಾಯಿ ಹಿಟ್ಟೇ ಆಗಿತ್ತು. ಬಡವರ ಬಾದಾಮಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಬೂಷ್ಟಿನ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟು ಉತ್ಪಾದಿಸುವ ವಿಷವೇ ಅಫ್ಲಾಟಾಕ್ಸಿನ್. ಸ್ವಲ್ಪಸ್ವಲ್ಪವಾಗಿ ಬಹುಕಾಲ ದೇಹ ಸೇರಿದರೆ ಇದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಹೆಪಟೈಟಿಸ್-ಬಿ ಸೋಂಕು ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಹುರಿದರೆ ಬೂಷ್ಟು ಸಾಯುತ್ತದೆ; ವಿಷ ಮಾತ್ರ ಪೂರ್ತಿ ಹೋಗುವುದಿಲ್ಲ.

ಕಹಿಯಾದ ಬೀಜವೆಲ್ಲ ವಿಷವಲ್ಲ, ಚೆನ್ನಾಗಿ ಕಂಡದ್ದೆಲ್ಲ ನಿರಪಾಯವೂ ಅಲ್ಲ. ಆದರೂ ಕೆಟ್ಟ ಬೀಜ ಹೆಕ್ಕಿ ತೆಗೆದರೆ ಅಪಾಯ ಬಹಳಷ್ಟು ತಗ್ಗುತ್ತದೆ.

ಮನೆಯಲ್ಲಿ ಮಾಡುವಾಗ

ಚೆನ್ನಾಗಿ ಒಣಗಿದ, ಹೊಸ ಬೀಜವನ್ನೇ ಕೊಳ್ಳಿ. ತಟ್ಟೆಯಲ್ಲಿ ಹರಡಿ ಸುಕ್ಕುಗಟ್ಟಿದ, ಬಣ್ಣಗೆಟ್ಟ, ಮೊಳಕೆಯೊಡೆದ ಬೀಜಗಳನ್ನು ಎಸೆಯಿರಿ. ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ, ಮೊರದಲ್ಲಿ ಸಿಪ್ಪೆ ಕೇರಿ. ಬೇಳೆಯಾದ ಮೇಲೆ ಇನ್ನೊಮ್ಮೆ ನೋಡಿ. ಎರಡು ಬೇಳೆಗಳ ನಡುವೆಯೂ ಬೂಷ್ಟು ಅಡಗಿರುವುದುಂಟು. ನಂತರ ಚಿಟಿಕೆ ಉಪ್ಪು ಹಾಕಿ ಅರೆಯಿರಿ. ಮೊದಲು ಪುಡಿ, ಆಮೇಲೆ ಉಂಡೆ, ಕೊನೆಗೆ ಎಣ್ಣೆ ಬಿಟ್ಟು ನುಣುಪಾಗುತ್ತದೆ. ನಡುನಡುವೆ ಮಿಕ್ಸಿಗೆ ಬಿಡುವು ಕೊಡಿ. ಒಂದೆರಡು ವಾರಕ್ಕಾಗುವಷ್ಟೇ ಮಾಡಿ, ಒಣಗಿದ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ. ಶೇಂಗಾ ಚಟ್ನಿಪುಡಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಎಷ್ಟು, ಯಾರಿಗೆ?

ಎರಡು ದೊಡ್ಡ ಚಮಚ ಕಡಲೆಕಾಯಿ ಬೆಣ್ಣೆಯಲ್ಲಿ ಸುಮಾರು 190 ಕ್ಯಾಲೊರಿ ಇದೆ. ಚಪಾತಿಗೋ ಬಾಳೆಹಣ್ಣಿಗೋ ತೆಳ್ಳಗೆ ಸವರಿಕೊಂಡರೆ ಸಾಕು. ಅಂಗಡಿಯದಾದರೆ ಸಕ್ಕರೆ ಎಷ್ಟು ಬೆರೆಸಿದ್ದಾರೆಂದು ಲೇಬಲ್ ಓದಿ ನೋಡಿ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ. ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಭಯವಿದೆ. ಎಳೆಯ ಮಕ್ಕಳಿಗೆ ಗಟ್ಟಿ ಮುದ್ದೆಯೂ ಬೇಡ. ರಾಗಿ ಸರಿಯಲ್ಲಿ ತೆಳ್ಳಗೆ ಕದಡಿ ಕೊಡಬಹುದು. ಮಗುವಿಗೆ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಕಡಲೆಕಾಯಿ ತಿಂದ ಮೇಲೆ ಯಾರಿಗೇ ಆಗಲಿ ಮೈಮೇಲೆ ಗಂದೆ ಎದ್ದು, ತುಟಿ ಊದಿ, ಉಸಿರು ಕಟ್ಟಿದಂತಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಕ್ಕಿಯಲ್ಲಿ ಕಲ್ಲು ಹೆಕ್ಕದೆ ನಮ್ಮ ಹಿರಿಯರು ಒಲೆ ಹಚ್ಚುತ್ತಿರಲಿಲ್ಲ. ಕಡಲೆಕಾಯಿ ಬೀಜಕ್ಕೂ ಅಷ್ಟು ಹೊತ್ತು ಕೊಟ್ಟರೆ ಮಕ್ಕಳು ನಿಶ್ಚಿಂತೆಯಿಂದ ತಿಂದಾರು.